ನೀಲಮ್ಮನ ಕುಡಿಕೆ

ಜಗತ್ತಿಗೆ ಇತ್ತೀಚೆಗೆ ನನ್ನ ಅಭಿಪ್ರಾಯದ ಮೇಲೆ ವಿಪರೀತ ಮೋಹ ಹುಟ್ಟಿದೆ. ಬ್ಯಾಂಕಿನಿಂದ ಹೊರಬಂದು ಸ್ಕೂಟರಿನ ಸ್ಟ್ಯಾಂಡ್ ತೆಗೆಯುವಷ್ಟರಲ್ಲಿ ‘ನಮ್ಮ ಸೇವೆ ತೃಪ್ತಿಕರವಾಗಿತ್ತೇ?’ ಎಂದು ಫೋನು ವಿಚಾರಿಸುತ್ತದೆ. ಗ್ಯಾಸ್ ಸಿಲಿಂಡರ್ ಇನ್ನೂ ಹೊಸಿಲು ದಾಟಿರುವುದಿಲ್ಲ, ಅದನ್ನು ಹೊತ್ತು ತಂದವನಿಗೆ ಎಷ್ಟು ನಕ್ಷತ್ರ ಕೊಡುವಿರೆಂಬ ಪ್ರಶ್ನೆ ಆಗಲೇ ಒಳಗೆ ಬಂದು ಕೂತಿರುತ್ತದೆ. ಸಾರಿಗೆ ಉಪ್ಪು ತುಸು ಮುಂದಾಯಿತೆಂಬ ಅಭಿಪ್ರಾಯವನ್ನು ಇಷ್ಟು ವರ್ಷಗಳ ದಾಂಪತ್ಯದಲ್ಲಿ ಒಮ್ಮೆಯೂ ಪೂರ್ಣವಾಗಿ ಮಂಡಿಸಲಾಗದ ನನ್ನಂಥವನಿಗೆ ಇದು ಎಂಥ ಸುಯೋಗವೆಂಬುದನ್ನು ನೀವೇ ಊಹಿಸಿ. ನಮ್ಮ ದಾವಣಗೆರೆಯಲ್ಲಿ ಅಭಿಪ್ರಾಯ ಕೇಳದ ಒಂದೇ ಜಾಗವೆಂದರೆ ಬೆಣ್ಣೆ ದೋಸೆಯ ಹೋಟೆಲು. ಅಲ್ಲಿ ಹಂಚಿನ ಮುಂದೆ ನಿಂತವನು ನಾವು ಇನ್ನೊಂದಕ್ಕೆ ಕೈ ಎತ್ತಿದೆವೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತಾನೆ, ಮತ್ತು ನಾವು ಯಾವಾಗಲೂ ಎತ್ತಿರುತ್ತೇವೆ.

ವಿದ್ಯಾನಗರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ನಾನು ಹೀಗೆ ಅಭಿಪ್ರಾಯದಾನವನ್ನೇ ಉಪವೃತ್ತಿಯಾಗಿಸಿಕೊಂಡಿದ್ದ ದಿನಗಳಲ್ಲಿ ಒಂದು ಆಹ್ವಾನ ಕಣ್ಣಿಗೆ ಬಿತ್ತು. ಇನ್ನೂ ಬಿಡುಗಡೆಯಾಗದ ಒಂದು ಮೊಬೈಲ್ ಆಟಕ್ಕೆ ಪರೀಕ್ಷಕರು ಬೇಕಂತೆ. ಆಡಿ ನೋಡಿ, ಕುಂದುಕೊರತೆ ಹೇಳಿ, ಏನೇನಿದ್ದರೆ ಚೆಂದವೆಂದು ಆಸೆಪಡಬೇಕಂತೆ. ಆಸೆಪಡುವುದೇ ಕೆಲಸವಾದ ಹುದ್ದೆ ನನಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ವಯಸ್ಸಿನ ಕಲಂನಲ್ಲಿ ಸತ್ಯವನ್ನೇ ಬರೆದೆ. ಬಹುಶಃ ಆ ಸತ್ಯವೇ ಅಪರೂಪವಾಗಿ ಕಂಡಿರಬೇಕು, ವಾರದೊಳಗೆ ಆಯ್ಕೆಯಾದೆ. ಆಟದ ಹೆಸರನ್ನು ಮಾತ್ರ ನಿಮಗೆ ಹೇಳಲಾರೆ, ಏಕೆಂದರೆ ಬಾಯಿ ಬಿಡುವುದಿಲ್ಲವೆಂದು ಓದದೆಯೇ ಒಪ್ಪಿಕೊಂಡಿದ್ದೇನೆ. ಇಷ್ಟು ಹೇಳಬಹುದು: ಅದೊಂದು ವಿಶಾಲ ಲೋಕ. ಬೆಟ್ಟ, ಕಾಡು, ಹೊಳೆ, ಹಳ್ಳಿ ಎಲ್ಲವೂ ಇರುವ ಆ ಲೋಕದಲ್ಲಿ ನಾವೊಂದು ವೇಷ ಧರಿಸಿ ಎತ್ತ ಬೇಕಾದರೂ ಅಲೆಯಬಹುದು, ಸಿಕ್ಕ ಕೆಲಸ ಮಾಡಿ ಬಲ ಹೆಚ್ಚಿಸಿಕೊಂಡು ಕೊನೆಗೆ ಬೆಟ್ಟದ ತುದಿಯ ರಾಕ್ಷಸನನ್ನು ಕೊಲ್ಲಬೇಕು.

ಜೊತೆಗೆ ಒಬ್ಬರನ್ನು ಕರೆತರಬಹುದೆಂದಿತ್ತು. ನನ್ನ ಹೆಂಡತಿ ‘ಮನೇಲೇ ಸಾಕಷ್ಟು ಕೆಲಸ ಬಾಕಿ ಐತೆ, ರಾಕ್ಷಸನ್ನ ನೀವೇ ನೋಡ್ಕಳ್ರಿ’ ಎಂದಳು. ಹಾಗಾಗಿ ಹರಿಹರದಲ್ಲಿರುವ ನನ್ನ ಅಕ್ಕ ಗಿರಿಜಕ್ಕನನ್ನು ಕರೆದೆ. ಚೌಕಾಬಾರದಲ್ಲಿ ನನ್ನ ಕಾಯಿಗಳನ್ನು ಬಾಲ್ಯದಿಂದ ಇಂದಿನವರೆಗೆ ನಿರ್ದಾಕ್ಷಿಣ್ಯವಾಗಿ ಕಡಿಯುತ್ತ ಬಂದಿರುವ ಆಕೆಗೆ ರಾಕ್ಷಸಸಂಹಾರ ಹೊಸದೇನಾಗಿರದು ಎಂಬುದು ನನ್ನ ಲೆಕ್ಕಾಚಾರ. ಅವಳು ಎರಡು ಕತ್ತಿಗಳ ವೀರವನಿತೆಯ ವೇಷ ಆರಿಸಿಕೊಂಡಳು. ನಾನು ಬಿಲ್ಲುಗಾರನಾದೆ. ನನ್ನ ಬಾಣಗಳು ಮರಗಳ ವಿರುದ್ಧ ಅದ್ಭುತ ಯಶಸ್ಸು ಗಳಿಸಿದವು; ಕಾಡುಹಂದಿಯೊಂದು ಮಾತ್ರ ನನ್ನನ್ನು ಕಂಡಾಗಲೆಲ್ಲ ಕೊಂದು ಹಾಕುತ್ತಿತ್ತು, ಕಡೆಕಡೆಗೆ ಅದಕ್ಕೂ ಬೇಸರ ಬಂದಂತಿತ್ತು.

ಆಟಗಾರರೆಲ್ಲ ತಮ್ಮ ಆಸೆ ಆಕ್ಷೇಪಗಳನ್ನು ಬರೆಯಲು ಕಂಪನಿಯವರು ಒಂದು ಹರಟೆಕಟ್ಟೆ ತೆರೆದಿದ್ದರು. ದೇಶದ ನಾನಾ ಮೂಲೆಗಳ ತರುಣ ತರುಣಿಯರು ಅಲ್ಲಿ ಹಗಲಿಡೀ ಕೂತು ಬೇಡಿಕೆ ಸಲ್ಲಿಸುತ್ತಿದ್ದರು. ಕುದುರೆಯ ಓಟ ಹೆಚ್ಚಿಸಿ. ಡ್ರ್ಯಾಗನ್ನಿನ ರೆಕ್ಕೆ ಕೆಂಪಗಿರಲಿ. ದುಡ್ಡು ಸುರಿದವನೇ ಗೆಲ್ಲುವಂತೆ ಮಾಡಬೇಡಿ. ಫೋನು ಎಷ್ಟು ಕಾಯುತ್ತದೆಂದರೆ ಹಿಡಿದುಕೊಳ್ಳಲಾಗುತ್ತಿಲ್ಲ. ಕೊನೆಯ ದೂರಿಗೆ ನಾನೂ ಸಹಿ ಹಾಕಿದೆ, ಅರ್ಧ ಗಂಟೆ ಆಡಿದರೆ ನನ್ನ ಫೋನಿನ ಬೆನ್ನ ಮೇಲೆ ದೋಸೆ ಹುಯ್ಯಬಹುದಿತ್ತು. ಅಕ್ಕನ ಬೇಡಿಕೆಗಳು ಬೇರೆ ಜಾತಿಯವು. ‘ಇಷ್ಟ್ ದೊಡ್ಡ ಊರು ಕಟ್ಯಾರೆ, ಕುಂದ್ರಾಕೆ ಒಂದ್ ಕಟ್ಟಿ ಇಲ್ಲಲ್ಲೋ ತಮ್ಮಾ. ಎಲ್ರೂ ನಿಂತೇ ಮಾತಾಡ್ತಾರೆ, ಪಾಪ’ ಎಂದು ಫೋನಿನಲ್ಲಿ ಮರುಗಿದಳು. ಮಂಡಕ್ಕಿ ಮೆಣಸಿನಕಾಯಿಯ ಗಾಡಿಯಿಲ್ಲದ ಸಂತೆಯನ್ನು ಸಂತೆಯೆಂದು ಕರೆದದ್ದಕ್ಕೂ ಅವಳ ಆಕ್ಷೇಪಣೆಯಿತ್ತು.

ಇಲ್ಲಿಯವರೆಗೆ ಎಲ್ಲವೂ ವಿನೋದವೇ. ತೊಡಕು ಶುರುವಾದದ್ದು ನೀಲಮ್ಮನಿಂದ.

ನೀಲಮ್ಮ ಆ ಲೋಕದ ಮೊದಲ ಹಳ್ಳಿಯ ಕೊನೆಯ ಮನೆಯ ಮುದುಕಿ. ಅವಳಿಗೆ ಕಂಪನಿಯವರು ಇಟ್ಟ ಹೆಸರನ್ನು ಉಚ್ಚರಿಸಲು ನಾಲಗೆ ಹೊರಳದೆ, ಅವಳು ಹೊದ್ದ ನೀಲಿ ಶಾಲನ್ನು ನೋಡಿ ಅಕ್ಕ ಇಟ್ಟ ಹೆಸರಿದು. ಅವಳ ಹಿಂದೆ ಆಡುವ ಮನುಷ್ಯರು ಯಾರೂ ಇಲ್ಲ. ಆಟವೇ ನಡೆಸುವ ಗೊಂಬೆ. ದಾರಿಹೋಕರು ಬಾಗಿಲು ತಟ್ಟಿದರೆ ‘ದೂರದ ದಾರಿ, ಹಸಿದು ಹೋಗಬೇಡಿ’ ಎಂದು ಇಂಗ್ಲಿಷಿನಲ್ಲಿ ಹೇಳಿ ಒಂದು ಮಣ್ಣಿನ ಕುಡಿಕೆಯಲ್ಲಿ ಬಿಸಿ ಗಂಜಿ ಕೊಡುತ್ತಾಳೆ. ಕುಡಿದರೆ ಮೈಗೆ ಬಲ ಬರುತ್ತದೆ. ಕುಡಿದ ಮೇಲೆ ಬರಿದಾದ ಕುಡಿಕೆ ನಮ್ಮ ಜೋಳಿಗೆಯಲ್ಲಿ ಉಳಿಯುತ್ತದೆ, ಅದನ್ನು ಮುಟ್ಟಿದರೆ ‘ಖಾಲಿ ಕುಡಿಕೆ, ಉಪಯೋಗವಿಲ್ಲ’ ಎಂಬ ವಿವರಣೆ ಮೂಡುತ್ತದೆ. ನಾನಾದರೋ ಕುಡಿದು, ಬಾಯಿ ಒರೆಸಿಕೊಂಡು, ಹಂದಿಯಿಂದ ಸಾಯಲು ಹೊರಟುಬಿಟ್ಟೆ. ಅಕ್ಕ ಊರ ಗಡಿ ದಾಟಿದವಳು ಜೋಳಿಗೆ ನೋಡಿಕೊಂಡು ಅಲ್ಲಿಯೇ ನಿಂತಳು.

ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ, ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಪಕ್ಕದ ಮನೆಯಿಂದ ಪದಾರ್ಥ ತುಂಬಿ ಬಂದ ಪಾತ್ರೆಯನ್ನು ನಾವು ಬರಿದು ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹರಿಹರದ ಹಳೆಯ ಓಣಿಯಲ್ಲಿದ್ದಾಗ ಅಕ್ಕನ ಅಡುಗೆಮನೆ ಪಾತ್ರೆಗಳ ಬಸ್ ನಿಲ್ದಾಣದಂತಿತ್ತು. ರಂಜಾನಿಗೆ ಪಕ್ಕದ ಮನೆಯಿಂದ ಸುರ್ಕುಂಬಾ ಪಾಯಸ ತಂದ ಬಟ್ಟಲು ಇಲ್ಲಿಂದ ಹುರಕ್ಕಿ ಹೋಳಿಗೆ ಹೊತ್ತು ಹೋಗುತ್ತಿತ್ತು. ಪಂಚಮಿಗೆ ಇವಳ ಶೇಂಗಾ ಉಂಡಿ ಒಯ್ದ ಡಬ್ಬಿ ಮಾವಿನ ಉಪ್ಪಿನಕಾಯಿಯೊಂದಿಗೆ ಮರಳುತ್ತಿತ್ತು. ಯಾರ ಮನೆಯ ಪಾತ್ರೆ ಯಾವುದೆಂಬುದನ್ನು ನೆನಪಿಡಲು ಅಡಿಯಲ್ಲಿ ಹೆಸರು ಕೊರೆಸಿಟ್ಟಿದ್ದರೂ, ಯಾವುದೂ ಸ್ವಂತ ಮನೆಯಲ್ಲಿ ನಾಲ್ಕು ದಿನ ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ. ಬರಿ ಪಾತ್ರೆ ಕೊಟ್ಟವಳೆಂಬ ಮಾತನ್ನು ಗಿರಿಜಕ್ಕ ತನ್ನ ಜೀವಮಾನದಲ್ಲಿ ಕೇಳಿಸಿಕೊಂಡಿಲ್ಲ.

ಈಗ ಎರಡು ವರ್ಷದಿಂದ ಅಕ್ಕ ಭಾವ ಬೈಪಾಸ್ ಕಡೆಯ ಹೊಸ ಬಡಾವಣೆಯಲ್ಲಿದ್ದಾರೆ. ಮನೆ ಗಟ್ಟಿಯಾಗಿದೆ, ನೀರು ಸರಿಯಾಗಿ ಬರುತ್ತದೆ, ಕಾಂಪೌಂಡುಗಳು ಎತ್ತರವಾಗಿವೆ. ಅಲ್ಲಿಗೆ ಹೋದ ಮೊದಲ ಸಂಕ್ರಾಂತಿಗೆ ಅಕ್ಕ ಎಳ್ಳುಬೆಲ್ಲದೊಂದಿಗೆ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯವನ್ನು ಅಕ್ಕಪಕ್ಕದ ನಾಲ್ಕೂ ಮನೆಗೆ ಕಳಿಸಿದಳಂತೆ. ಡಬ್ಬಿಗಳು ಬೆಳಗಾಗುವಷ್ಟರಲ್ಲಿ ಸೋಪಿನಿಂದ ಚೆನ್ನಾಗಿ ತೊಳೆದು, ಥಳಥಳ ಹೊಳೆಯುತ್ತ, ಖಾಲಿಯಾಗಿ ಗೇಟಿನ ಮೇಲೆ ಕೂತಿದ್ದವು. ಒಳ್ಳೆಯ ಜನವೇ, ಬೇರೆ ರೂಢಿಯವರು ಅಷ್ಟೆ. ಆಮೇಲೆ ಅಕ್ಕ ಏನನ್ನೂ ಕಳಿಸಲಿಲ್ಲ, ಏನೂ ಬರಲೂ ಇಲ್ಲ. ಹಾಗಿರುವಾಗ ಈ ಫೋನಿನೊಳಗಿನ ಮುದುಕಿ ಕೇಳದೆಯೇ ಕುಡಿಕೆ ತುಂಬ ಗಂಜಿ ಕೊಟ್ಟದ್ದು ಅವಳ ಮನಸ್ಸಿಗೆ ಎಲ್ಲಿ ತಾಗಿತೆಂಬುದು ನನಗೆ ಅರ್ಥವಾಯಿತು, ಮತ್ತು ಅರ್ಥವಾದ ಮೇಲೆ ನಗಲಾಗಲಿಲ್ಲ.

ಅಕ್ಕ ಕಾಡಿನಲ್ಲಿ ಕೆಂಪು ಹಣ್ಣು ಆರಿಸಿ ಕುಡಿಕೆಗೆ ತುಂಬಿದಳು. ತುಂಬುವುದಕ್ಕೆ ಆಟದಲ್ಲಿ ಅನುಮತಿಯಿತ್ತು. ಹಳ್ಳಿಗೆ ಹಿಂದಿರುಗಿ ಬಾಗಿಲು ತಟ್ಟಿದಳು. ನೀಲಮ್ಮ ‘ದೂರದ ದಾರಿ, ಹಸಿದು ಹೋಗಬೇಡಿ’ ಎಂದು ಇನ್ನೊಂದು ಕುಡಿಕೆ ಗಂಜಿ ಕೊಟ್ಟಳು. ಹಿಂತಿರುಗಿಸಲು ಯಾವ ಗುಂಡಿಯೂ ಇಲ್ಲ. ‘ಒಂದು ಕೊಡಾಕೆ ಹೋದ್ರೆ ಎರಡಾತಲ್ಲೋ!’ ಎಂದು ಅಕ್ಕ ಗಾಬರಿಯಾದಳು. ಮತ್ತೆ ಯತ್ನಿಸಿದಳು, ಮೂರಾಯಿತು. ಜೋಳಿಗೆ ಕುಡಿಕೆಗಳಿಂದ ತುಂಬಿಹೋಗಿ ಕತ್ತಿ ಇಡಲೂ ಜಾಗವಿಲ್ಲದೆ ವೀರವನಿತೆ ನಿರಾಯುಧಳಾದಳು.

ಹರಟೆಕಟ್ಟೆಯಲ್ಲಿ ಸಹಾಯ ಕೇಳಿದೆವು. ಒಬ್ಬ ತರುಣ ತಕ್ಷಣ ಉಪಾಯ ಹೇಳಿದ: ಸಂತೆಯ ಅಂಗಡಿಯವನಿಗೆ ಮಾರಿಬಿಡಿ, ಒಂದಿಷ್ಟು ಚಿನ್ನ ಸಿಗುತ್ತದೆ. ಇದನ್ನು ಅಕ್ಕನಿಗೆ ಅನುವಾದಿಸಿ ಹೇಳಿದ್ದೇ ತಪ್ಪಾಯಿತು. ‘ಮಂದಿ ಮನೆ ಪಾತ್ರೆ ಅಂಗಡಿಗೆ ಮಾರ್ತಾರೇನೋ? ಉಂಡ ಮನೆ ಪಾತ್ರೆ! ಯಾರ ಮಗ ಅಂತೆ ಅವ್ನು, ಕೇಳು’ ಎಂದು ಕೆರಳಿದಳು. ನಾನು ಕೇಳಲಿಲ್ಲ.

ಆಗ ನನ್ನೊಳಗಿನ ಪ್ರಬಂಧಕಾರ ಎದ್ದು ಕುಳಿತ. ಅಧಿಕೃತ ಅಭಿಪ್ರಾಯ ಸಲ್ಲಿಸುವ ಜಾಗದಲ್ಲಿ ಕನ್ನಡದಲ್ಲಿ ಬರೆದರೂ ಯಂತ್ರ ಭಾಷಾಂತರಿಸಿಕೊಳ್ಳುವುದೆಂಬ ಭರವಸೆ ಇತ್ತು. ಪ್ರತ್ಯರ್ಪಣದ ಸಂಸ್ಕೃತಿ, ಪಾತ್ರೆಯ ಪಾವಿತ್ರ್ಯ, ಪರಸ್ಪರಾವಲಂಬನೆಯ ಲೋಕಧರ್ಮ ಇವುಗಳನ್ನೆಲ್ಲ ಒಳಗೊಂಡ, ಉಪವಾಕ್ಯಗಳ ಹೊರೆಯಿಂದ ನಡು ಬಾಗಿದ ಒಂದು ಮಹಾವಾಕ್ಯವನ್ನು ರಚಿಸಿ, ಎರಡು ಬಾರಿ ಗಟ್ಟಿಯಾಗಿ ಓದಿ, ನನಗೆ ನಾನೇ ತಲೆದೂಗಿ ಕಳುಹಿಸಿದೆ. ಮರುದಿನ ಉತ್ತರ ಬಂತು: ‘ಕುಡಿಕೆಯ ಬಣ್ಣದ ಕುರಿತ ನಿಮ್ಮ ಸಲಹೆಗೆ ಧನ್ಯವಾದಗಳು.’ ಹೆಂಡತಿ ಅದನ್ನು ಓದಿ ತುಂಬ ಹೊತ್ತು ನಕ್ಕಳು. ಕಾಲೇಜಿನಲ್ಲಿ ನನ್ನ ಪಾಠವನ್ನು ಕೇಳಿಸಿಕೊಂಡವರು ಏನೇನು ಬರೆದುಕೊಂಡಿರಬಹುದೆಂಬ ಭಯ ನನಗೆ ಅಂದು ಮೊದಲ ಬಾರಿಗೆ ಹುಟ್ಟಿತು.

ಅಷ್ಟರಲ್ಲಿ ಕಂಪನಿಯ ಪ್ರಕಟಣೆಯೂ ಬಂತು. ಬರುವ ಭಾನುವಾರ ಸಂಜೆಗೆ ಪರೀಕ್ಷೆಯ ಅವಧಿ ಮುಗಿಯುತ್ತದೆ, ಈ ಲೋಕವನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಲಾಗುತ್ತದೆ. ಉಳಿದವರಿಗೆ ಇದು ಬರಿಯ ಸುದ್ದಿ. ಅಕ್ಕನಿಗೆ ಮಾತ್ರ ನೀಲಮ್ಮನ ಪಾತ್ರೆ ತನ್ನ ಜೋಳಿಗೆಯಲ್ಲಿ ಇರುವಾಗಲೇ ಆ ಊರೇ ಇಲ್ಲವಾಗುತ್ತದೆಂಬ ಸಂಕಟ. ‘ಪಾತ್ರೆ ತಗಳದಂಗೇ ಹೋಗ್ಬಿಡ್ತಾಳಲ್ಲೋ’ ಎಂದಳು. ಅವಳ ದನಿ ಕೇಳಿ, ಭಾನುವಾರ ತಿಂಡಿ ಮುಗಿಸಿ, ಹರಿಹರದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಅಕ್ಕ ಪೂಜೆ ಮುಗಿಸಿ, ವಿಭೂತಿ ಧರಿಸಿ, ಫೋನಿಗೆ ಚಾರ್ಜರ್ ಸಿಕ್ಕಿಸಿ ಸೋಫಾದ ಮೇಲೆ ಕೂತಿದ್ದಳು. ಕೈಗೆ ಕೊಡಲಾಗದಿದ್ದರೆ ಬಾಗಿಲಲ್ಲಿ ಇಟ್ಟು ಬರುವುದೆಂಬ ದಾರಿ ಅವಳೇ ಕಂಡುಕೊಂಡಿದ್ದಳು. ಜೋಳಿಗೆಯ ವಸ್ತುವನ್ನು ನೆಲಕ್ಕಿಡಲು ಆಟದಲ್ಲಿ ಅವಕಾಶವಿತ್ತು. ಆದರೆ ಇಟ್ಟು ನಾಲ್ಕು ಹೆಜ್ಜೆ ದೂರ ಹೋದರೆ ಕುಡಿಕೆ ಮಾಯವಾಗುತ್ತಿತ್ತು. ‘ಯಾವನೋ ಎತ್ಕಂಡು ಹೋಗ್ತಿದಾನೆ’ ಎಂಬುದು ಅಕ್ಕನ ಗುಮಾನಿ. ಹತ್ತಿರ ಯಾರೂ ಇಲ್ಲದಿದ್ದರೆ ಬಿದ್ದ ವಸ್ತುವನ್ನು ಆಟವೇ ಗುಡಿಸಿ ಹಾಕುತ್ತದೆ ಎಂದು ನಾನು ತಿಳಿಸಿದೆ. ‘ಹಂಗಾರೆ ನಾನು ಹೋಗಲ್ಲ ಬಿಡು’ ಎಂದಳು. ನೀಲಮ್ಮನ ಹೊಸಿಲಿನ ಮುಂದೆ ಹಣ್ಣು ತುಂಬಿದ ಕುಡಿಕೆಗಳನ್ನು ಸಾಲಾಗಿಟ್ಟು, ಪಕ್ಕದಲ್ಲಿ ಅವಳ ವೀರವನಿತೆ ಕಾವಲು ನಿಂತಳು. ಇನ್ನೊಂದು ಪಕ್ಕದಲ್ಲಿ ನನ್ನ ಬಿಲ್ಲುಗಾರನೂ ನಿಂತ. ಭಾವ ಚಹಾ ತಂದಿಟ್ಟು, ನಮ್ಮಿಬ್ಬರನ್ನು ನೋಡಿ, ‘ಇಬ್ರೂ ಸೇರಿ ಯಾರ ಮನೆ ಕಾಯಾಕತ್ತೀರಿ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಪೇಪರು ಹಿಡಿದರು.

ಕೊನೆಯ ದಿನವೆಂದು ಆಟಗಾರರೆಲ್ಲ ಆ ಲೋಕದಲ್ಲಿ ಸುತ್ತಾಡುತ್ತಿದ್ದರು. ಎರಡು ಕತ್ತಿಯ ಹೆಂಗಸೊಬ್ಬಳು ಅಲುಗಾಡದೆ ಒಂದು ಬಾಗಿಲಲ್ಲಿ ನಿಂತದ್ದು ಕಂಡು ಒಬ್ಬ ಕುದುರೆ ನಿಲ್ಲಿಸಿ ಏನು ವಿಷಯವೆಂದು ಬರೆದು ಕೇಳಿದ. ಅಕ್ಕ ಹೇಳಿದ್ದನ್ನು ನಾನು ಈ ಬಾರಿ ಒಂದು ಉಪವಾಕ್ಯವೂ ಸೇರಿಸದೆ ಇಂಗ್ಲಿಷಿಗಿಳಿಸಿದೆ: ‘ಈ ಅಜ್ಜಿಯ ಗಂಜಿ ಕುಡಿದಿದ್ದೇವೆ. ಪಾತ್ರೆ ವಾಪಸು ಕೊಡಬೇಕು. ನಮ್ಮಲ್ಲಿ ಖಾಲಿ ಕೊಡುವುದಿಲ್ಲ.’ ಅವನು ಕುದುರೆ ತಿರುಗಿಸಿ ಹೋದ. ತುಸು ಹೊತ್ತಿಗೆ ಹಣ್ಣು ತುಂಬಿದ ಕುಡಿಕೆ ಹಿಡಿದು ಬಂದ, ನಮ್ಮದರ ಪಕ್ಕದಲ್ಲಿಟ್ಟ, ‘ನಮ್ಮಮ್ಮನೂ ಹೀಗೆಯೇ’ ಎಂದು ಬರೆದ. ಎಲ್ಲಿಯವನೋ ಏನೋ, ಅಕ್ಕ ಫೋನಿಗೇ ‘ಚೆನ್ನಾಗಿರಪ್ಪ’ ಎಂದಳು.

ಆಮೇಲೆ ನಡೆದದ್ದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದು ನನ್ನ ಸ್ವಭಾವಕ್ಕೆ ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಸುದ್ದಿ ಹರಟೆಕಟ್ಟೆ ಸೇರಿತು. ಮಧ್ಯಾಹ್ನದ ಊಟದ ಹೊತ್ತಿಗೆ ನೀಲಮ್ಮನ ಮನೆಯ ಮುಂದೆ ಜಾತ್ರೆ ನೆರೆಯಿತು. ಕಬ್ಬಿಣದ ಕವಚದವರು, ರೆಕ್ಕೆ ಕಟ್ಟಿಕೊಂಡವರು, ನರಿಮುಖದವರು, ಎಲ್ಲರ ಕೈಯಲ್ಲೂ ಒಂದೊಂದು ಕುಡಿಕೆ. ಹಣ್ಣು ಸಿಗದವರು ಮೀನು ತಂದರು. ‘ನಮ್ಮಂಗೆ ಲಿಂಗಾಯ್ತರ ಮನಿಯಾಕಿ ಇದ್ರೆ ಹೆಂಗಪ್ಪಾ’ ಎಂದು ಅಕ್ಕ ಅವನ್ನು ವಿನಯದಿಂದ ದೂರ ಇಡಿಸಿದಳು. ಅಂಗಡಿಗೆ ಮಾರಲು ಹೇಳಿದ್ದ ಆ ತರುಣನೂ ಬಂದ. ಮಾರಿಬಿಟ್ಟಿದ್ದ ಕುಡಿಕೆಯನ್ನು ಮಾರಿದ ಬೆಲೆಗಿಂತ ಹೆಚ್ಚು ತೆತ್ತು ಬಿಡಿಸಿಕೊಂಡು ತಂದಿದ್ದ. ಹೊಸಿಲು ಮುಚ್ಚಿ, ಅಂಗಳ ತುಂಬಿ, ಕುಡಿಕೆಗಳ ರಾಶಿ ಬೀದಿಗೆ ಬಂತು. ಇಷ್ಟು ಭಾರವನ್ನು ಊಹಿಸಿರದ ಆ ಲೋಕ ತಡವರಿಸತೊಡಗಿತು. ಹಕ್ಕಿಗಳು ಗಾಳಿಯಲ್ಲೇ ನಿಂತವು. ಹೊಳೆ ನಿಂತು ನಿಂತು ಹರಿಯಿತು. ನಮ್ಮ ಫೋನುಗಳು ಕಾದು ಕೆಂಡವಾಗಿ, ಭಾವ ಎದ್ದುಹೋಗಿ ಒದ್ದೆ ಟವೆಲ್ ತಂದರು.

ಆಗ ಬಿಳಿ ನಿಲುವಂಗಿಯ ಒಂದು ಆಕೃತಿ ಗುಂಪಿನ ನಡುವೆ ಪ್ರತ್ಯಕ್ಷವಾಯಿತು. ಕಂಪನಿಯ ಮೇಲ್ವಿಚಾರಕ. ಊರು ಯಾಕೆ ಕುಂಟುತ್ತಿದೆಯೆಂದು ನೋಡಲು ಬಂದವನು ಕುಡಿಕೆಗಳ ಗುಡ್ಡದೆದುರು ಕ್ಷಣಕಾಲ ನಿಂತ. ಇಲ್ಲೇನಾಗುತ್ತಿದೆ ಎಂದ. ಎಲ್ಲರೂ ಅಕ್ಕನತ್ತ ತಿರುಗಿದರು. ನಾನು ಬರೆದು ವಿವರಿಸಿದೆ. ಅವನು ಸೌಜನ್ಯದಿಂದಲೇ, ಆದರೆ ಆ ಮುದುಕಿ ಬರಿಯ ಗೊಂಬೆಯಲ್ಲವೇ, ಅವಳಿಗೆ ಈ ಪಾತ್ರೆ ಬೇಕಾಗಿಲ್ಲವಲ್ಲ ಎಂದು ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಕ್ಕ ಕನ್ನಡಕ ಸರಿಮಾಡಿಕೊಂಡಳು.

‘ಅವ್ಳಿಗೆ ಬ್ಯಾಡಾಗಿರ್ಬೌದು ಅಂತ ಬರಿ. ಕೊಡೋದು ನನಗೆ ಬೇಕಾಗೈತೆ. ತಗಂಡೋಳು ನಾನಲ್ಲೇನು?’

ಬರೆದೆ. ಬಿಳಿ ನಿಲುವಂಗಿಯವನು ಎಲ್ಲಿಗೋ ಹೋದ, ಮುನಿಸಿಕೊಂಡನೆಂದುಕೊಂಡೆ. ಮರಳಿದಾಗ ಅವನ ಕೈಯಲ್ಲಿ ಒಂದು ಕೆಂಪು ಹಣ್ಣಿತ್ತು. ಅದನ್ನು ಅಕ್ಕನ ಕುಡಿಕೆಯ ಪಕ್ಕದಲ್ಲಿಟ್ಟು, ‘ನೋಡುತ್ತೇವೆ’ ಎಂದಷ್ಟೇ ಬರೆದ. ಸಂಜೆ ಆ ಬೀದಿ, ಆ ರಾಶಿ, ಆ ನೀಲಿ ಶಾಲು ಎಲ್ಲವೂ ಮಸುಕಾಗಿ ತೆರೆ ಕಪ್ಪಾಯಿತು.

ಕಾಯುವ ದಿನಗಳಲ್ಲಿ ನನಗೊಂದು ಸಂಗತಿ ಹೊಳೆಯಿತು. ಇಷ್ಟು ದಿನ ನಾನು ಕಂಡಕಂಡವರಿಗೆ ಹಂಚಿದ ನಕ್ಷತ್ರಗಳೆಲ್ಲ ಗೇಟಿನ ಮೇಲಿಟ್ಟ ತೊಳೆದ ಡಬ್ಬಿಗಳು. ಹೊಳೆಯುತ್ತವೆ, ಒಳಗೆ ಏನಿಲ್ಲ. ಪಡೆದುಕೊಂಡದ್ದಕ್ಕೆ ನಮ್ಮದೊಂದನ್ನು ಸೇರಿಸಿ ಕೊಟ್ಟರೆ ಮಾತ್ರ ಅದು ಅಭಿಪ್ರಾಯ. ಇದನ್ನು ಅಕ್ಕನಿಗೆ ಫೋನು ಮಾಡಿ ಹೇಳಿದೆ. ‘ಅದೆಲ್ಲ ಇರ್ಲಿ, ಕಂಪ್ನಿಯೋರು ಏನಾರ ಹೇಳಿದ್ರಾ?’ ಎಂದಳು.

ಕಳೆದ ವಾರ ಹೇಳಿದರು. ಹೊಸ ಆವೃತ್ತಿ ಸಿದ್ಧವಾಗಿದೆ, ಹಳೆಯ ಪರೀಕ್ಷಕರು ಬರಬೇಕು. ಬದಲಾವಣೆಗಳ ವಿವರದಲ್ಲಿ ಕುದುರೆಯ ವೇಗ, ಡ್ರ್ಯಾಗನ್ನಿನ ರೆಕ್ಕೆ, ಫೋನಿನ ಬಿಸಿ ಇವುಗಳ ಕೆಳಗೆ ಒಂದು ಸಾಲಿತ್ತು: ‘ಕುಡಿಕೆಯನ್ನು ಈಗ ಹಿಂತಿರುಗಿಸಬಹುದು. ಖಾಲಿಯಾಗಿ ಅಲ್ಲ.’ ನಾನು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರು ಎದ್ದುನಿಂತು ‘ಗೆದ್ದೆವು!’ ಎಂದು ಕೂಗಿದೆ. ಯಾವ ಪಂದ್ಯವೆಂದು ಕೇಳಿದವರಿಗೆ ಹೇಳಲು ವಿಷಯ ತುಂಬ ಇತ್ತು, ಅನುಮತಿ ಇರಲಿಲ್ಲ. ಆ ಸಂಜೆಯೇ ಹರಿಹರ.

ಅಕ್ಕ ಹೊಸ ಲೋಕ ಹೊಕ್ಕಳು. ಅದೇ ಹಳ್ಳಿ, ಅದೇ ಕೊನೆಯ ಮನೆ. ಹೊಸಿಲಿನ ಪಕ್ಕ ಕೂರಲು ಒಂದು ಕಲ್ಲುಕಟ್ಟೆ. ‘ಅಯ್ಯೋ, ಕಟ್ಟೀನೂ ಹಾಕ್ಸ್ಯಾರೆ!’ ಎಂದು ಅಕ್ಕ ಭಾವನ ತೋಳು ಹಿಡಿದಳು. ಗಂಜಿ ಪಡೆದಳು, ಕುಡಿದಳು, ಕಾಡಿಗೆ ಹೋಗಿ ಹಣ್ಣು ಆರಿಸಿ ಕುಡಿಕೆ ತುಂಬಿ ತಂದಳು. ಬಾಗಿಲು ತಟ್ಟಿದಾಗ ಹಿಂತಿರುಗಿಸುವ ಗುಂಡಿ ಮೂಡಿತು. ಒತ್ತುವ ಮುನ್ನ ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡಳು.

ನೀಲಮ್ಮ ಎರಡೂ ಕೈಯಿಂದ ಕುಡಿಕೆ ಈಸಿಕೊಂಡಳು. ಒಳಗೆ ಇಣುಕಿ ನೋಡಿದಳು. ಅವಳ ಸುಕ್ಕುಮುಖದಲ್ಲಿ, ಅದನ್ನು ಬರೆದ ಪುಣ್ಯಾತ್ಮ ಯಾರೋ ತಿಳಿಯದು, ನಗು ಹರಡಿತು. ನನ್ನ ಕಣ್ಣು ಮಂಜಾದವು, ನಾಚಿಕೆಯಿಲ್ಲದೆ ಹೇಳುತ್ತೇನೆ. ಭಾವ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ತೆರೆಯಿಂದ ಕಣ್ಣು ಕೀಳಲಿಲ್ಲ, ಏಕೆಂದರೆ ನೀಲಮ್ಮ ಬಾಗಿಲು ಹಾಕಿರಲಿಲ್ಲ. ಒಳಗೆ ಹೋದವಳು ಹಣ್ಣು ಸುರುವಿಕೊಂಡು, ಅದೇ ಕುಡಿಕೆಯಲ್ಲಿ ಹೊಸದಾಗಿ ಏನನ್ನೋ ತುಂಬಿ, ಹಬೆಯಾಡುತ್ತಿರುವಂತೆಯೇ ತಂದು ಅಕ್ಕನ ಕೈಯಲ್ಲಿಟ್ಟಳು.

ಗಿರಿಜಕ್ಕ ಸೋಫಾದಿಂದ ಎದ್ದು, ಪಕ್ಕದ ನಾಲ್ಕು ಮನೆಗೂ ಕೇಳುವಂತೆ ಕೂಗಿದಳು: ‘ಲೇ ತಮ್ಮಾ, ಇವ್ಳು ನಮ್ಮೂರಾಕೀನೇ ಕಣೋ! ನಡಿ, ಹಣ್ಣು ಕಿತ್ಕಂಡು ಬರಾಣ.’